ಸರ್ಕಾರಿ ಕಟ್ಟಡದ ಗೊಂಬೆ: ಕಾಸು ಯಾರದು, ಆರಿಸೋರು ಯಾರು?

ದಿಲ್ಲಿಯ ಪಾರ್ಲಿಮೆಂಟ್ ಸ್ಟ್ರೀಟಿನಲ್ಲಿ ರಿಸರ್ವ್ ಬ್ಯಾಂಕಿನ ಕಛೇರಿ ಇದೆ. ಅದರ ಹೆಬ್ಬಾಗಿಲ ಆ ಬದಿಗೊಬ್ಬ, ಈ ಬದಿಗೊಬ್ಬಳು ಕಾವಲಿಗೆ ನಿಂತಿದ್ದಾರೆ. 1967ರಲ್ಲಿ ನಿಂತವರು ಇವತ್ತಿಗೂ ಕದಲಿಲ್ಲ. ಸಂಬಳ ಕೇಳಿಲ್ಲ, ತುಟ್ಟಿಭತ್ಯೆ ಕೇಳಿಲ್ಲ, ಮುಷ್ಕರದ ಮಾತಂತೂ ಇಲ್ಲವೇ ಇಲ್ಲ. ಮೂರಾಳೆತ್ತರಕ್ಕೂ ಮೀರಿದ ಕಲ್ಲಿನ ಮೂರ್ತಿಗಳು. ಅವನು ಯಕ್ಷ, ಅವಳು ಯಕ್ಷಿ. ಅವನ ಒಂದು ಕೈಯಲ್ಲಿ ಹಣದ ಚೀಲ, ಇನ್ನೊಂದರಲ್ಲಿ ಯಂತ್ರದ ಹಲ್ಲುಚಕ್ರ. ಅವಳ ಕೈಯಲ್ಲಿ ಹೂವು, ಧಾನ್ಯದ ತೆನೆ. ಕೈಗಾರಿಕೆ ಬೆಳೀಲಿ, ಬೇಸಾಯ ಬೆಳೀಲಿ, ಬೊಕ್ಕಸ ತುಂಬಲಿ ಅಂತ ಅರ್ಥ.

ನಿಮ್ಮ ಅಂಗಡಿಯ ಗಲ್ಲಾದೊಳಗಿನ ನೋಟು ಅಚ್ಚು ಹಾಕಿಸೋ ಬ್ಯಾಂಕಿಗೆ ಈ ಗೊಂಬೆಗಳು ಯಾಕೆ ಬೇಕಾದವು? ಇವನ್ನು ಆರಿಸಿದವರು ಯಾರು? ದುಡ್ಡು ಯಾವ ಲೆಕ್ಕದಲ್ಲಿ ಬಂತು? ಇವತ್ತು ಇದನ್ನೇ ಒಂದಿಷ್ಟು ಕೆದಕೋಣ. ಯಾಕೆಂದರೆ ತಾಲ್ಲೂಕು ಕಛೇರಿಯೋ, ಕೋರ್ಟೋ, ಬಸ್ ಸ್ಟ್ಯಾಂಡೋ ಹೊಸದಾಗಿ ಎದ್ದರೆ ಮುಂದೊಂದು ಗೊಂಬೆ, ಗೋಡೆಗೊಂದು ಚಿತ್ರ ಬರುವುದು ನಮ್ಮ ಕಡೆಯೂ ವಾಡಿಕೆ. ಅದರ ಮುಖ ನಮಗೆ ಕಾಣುವುದು ಮಂತ್ರಿಗಳು ಪರದೆ ಎಳೆದ ದಿನ. ಅಲ್ಲಿಯತನಕ ಅದು ಕಡತದೊಳಗಿನ ಗುಟ್ಟು. ಆಮೇಲೆ ಚಪ್ಪಾಳೆ ಹೊಡೆದು ಬಸ್ಸು ಹತ್ತಬೇಕು, ಅಷ್ಟೆ.

ಒಂಬತ್ತು ಜನಕ್ಕೆ ಪತ್ರ

1950ರ ದಶಕ. ಸ್ವಾತಂತ್ರ್ಯ ಬಂದ ಹುರುಪು. ರಿಸರ್ವ್ ಬ್ಯಾಂಕು ಬೇರೆಬೇರೆ ಊರುಗಳಲ್ಲಿ ಸ್ವಂತ ಕಟ್ಟಡ ಕಟ್ಟಿಸುತ್ತಿತ್ತು. ಕೋಟಿಗಟ್ಟಲೆ ಸುರಿದು ಸರ್ಕಾರಿ ಕಟ್ಟಡ ಏಳಿಸುವಾಗ ಅದರಲ್ಲಿ ಚೂರುಪಾರು ನಮ್ಮ ಕಲಾವಿದರಿಗೂ ಸೇರಲಿ, ಒಟ್ಟು ಖರ್ಚಿನ ಮುಂದೆ ಅದೇನು ದೊಡ್ಡದಲ್ಲ ಎಂಬುದು ಪ್ರಧಾನಿ ನೆಹರೂ ಅಭಿಪ್ರಾಯ. ಬ್ಯಾಂಕಿನ ಕೇಂದ್ರ ಮಂಡಳಿಯಲ್ಲಿ ಆಗ ನಿರ್ದೇಶಕರಾಗಿದ್ದ ಜೆ.ಆರ್.ಡಿ. ಟಾಟಾ ಅವರು, ಇದು ನಮಗೆ ತಿಳಿಯದ ವಿಷಯ, ತಿಳಿದವರನ್ನು ಕೇಳಿ ಎಂದು ಕಾರ್ಲ್ ಖಂಡಾಲಾವಾಲಾ ಹೆಸರು ಸೂಚಿಸಿದರು. ಬೊಂಬಾಯಿಯ ವಕೀಲರು, ಹಳೇ ಚಿತ್ರ-ಶಿಲ್ಪಗಳ ವಿಷಯದಲ್ಲಿ ದೊಡ್ಡ ಪಂಡಿತರು. ಬಾಗಿಲಿನ ಎರಡು ಪಕ್ಕಕ್ಕೆ ಎರಡು ಮೂರ್ತಿ ಇರಲಿ ಎಂದವರು ಅವರೇ.

ಒಂಬತ್ತು ಜನ ಶಿಲ್ಪಿಗಳಿಗೆ ಪತ್ರ ಹೋಯಿತು. ಒಪ್ಪಿ ಉತ್ತರ ಕೊಟ್ಟವರು ಐವರು. ಕೇಳಿದ್ದಂತೆ ಮಾದರಿಯನ್ನೂ ನಕ್ಷೆಯನ್ನೂ ಮಾಡಿ ಕಳಿಸಿದವರು ಒಬ್ಬರೇ: ಶಾಂತಿನಿಕೇತನದ ರಾಮಕಿಂಕರ್ ಬೈಜ್.

ಈ ರಾಮಕಿಂಕರರ ವಿಷಯ ಎರಡು ಮಾತು ಹೇಳಲೇಬೇಕು. 1906ರಲ್ಲಿ ಬಂಗಾಳದ ಬಾಂಕುರಾದಲ್ಲಿ ಹುಟ್ಟಿದವರು. ಕ್ಷೌರಿಕ ವೃತ್ತಿಯ ಬಡ ಮನೆತನ. ಶಾಂತಿನಿಕೇತನದಲ್ಲಿ 1938ರಲ್ಲಿ ಅವರು ಮಾಡಿದ ಸಂತಾಲ್ ಸಂಸಾರದ ಮೂರ್ತಿ ಪ್ರಸಿದ್ಧ. ಗಂಡ, ಹೆಂಡತಿ, ಮಗು, ಜೊತೆಗೊಂದು ನಾಯಿ, ಗಂಟುಮೂಟೆ ಹೊತ್ತು ಗುಳೆ ಹೊರಟ ಕೂಲಿ ಜನ. ಅದನ್ನು ಮಾಡಲು ಕಂಚಿಲ್ಲ, ಅಮೃತಶಿಲೆ ಇಲ್ಲ. ಅಂಥಾದ್ದಕ್ಕೆಲ್ಲ ದುಡ್ಡೆಲ್ಲಿ? ಸಿಮೆಂಟಿಗೆ ಕೆಂಪು ಜಲ್ಲಿಕಲ್ಲು ಬೆರೆಸಿ ಮೆತ್ತಿ ನಿಲ್ಲಿಸಿದರು. ಅಂಥ ಮನುಷ್ಯನಿಗೆ ದೇಶದ ಖಜಾನೆಯ ಬಾಗಿಲು ಸಿಂಗರಿಸುವ ಕೆಲಸ ಸಿಕ್ಕಿತು ನೋಡಿ.

ಸಿಕ್ಕಿತು ನಿಜ, ಮುಗಿಯುವುದಕ್ಕೆ ಹತ್ತು ವರ್ಷ ಮೀರಿತು. ಮಥುರಾ ಮ್ಯೂಸಿಯಮ್ಮಿನ ಹಳೇ ಯಕ್ಷನನ್ನೂ ಕಲ್ಕತ್ತಾ ಮ್ಯೂಸಿಯಮ್ಮಿನ ಯಕ್ಷಿಯನ್ನೂ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡರು. ಕಲ್ಲು ಹುಡುಕಿ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಗೆ ಹೋದರು. ಅಲ್ಲಿಂದ ಬಂಡೆಗಳನ್ನು ಸೀಳಿ ದಿಲ್ಲಿಗೆ ತರುವುದರೊಳಗೆ ಹೈರಾಣಾಯಿತು. ಮಾತಾಡಿಕೊಂಡಿದ್ದ ಖರ್ಚು ಮೀರಿತು. ಬ್ಯಾಂಕಿನ ಸಾಹೇಬರುಗಳು ತಲೆ ಕೆರೆದುಕೊಂಡರೂ ಕೆಲಸ ಕಿತ್ತುಕೊಳ್ಳಲಿಲ್ಲ. ನಮ್ಮ ಕಡೆಯ ಇಂಜಿನಿಯರ್ ಸಾಹೇಬರಾಗಿದ್ದರೆ ಎರಡನೇ ವರ್ಷಕ್ಕೇ ನೋಟೀಸು ಜಾರಿಯಾಗುತ್ತಿತ್ತು.

ನಿಲ್ಲಿಸಿದ ಮೇಲೆ ಗಲಾಟೆ. ಯಕ್ಷಿಗೆ ಬಟ್ಟೆ ಇಲ್ಲ! ರಿಸರ್ವ್ ಬ್ಯಾಂಕಿನ ಎದುರಿಗೆ ಬತ್ತಲೆ ಹೆಂಗಸನ್ನು ನಿಲ್ಲಿಸಿದ್ದು ಯಾಕೆ ಎಂದು ರಾಜ್ಯಸಭೆಯಲ್ಲೇ ಪ್ರಶ್ನೆ ಬಂತು. ಬೇಲೂರಿನ ಶಿಲಾಬಾಲಿಕೆಯರನ್ನು ಮಕ್ಕಳುಮರಿ ಸಮೇತ ಹೋಗಿ ನೋಡಿ ಬರುವ ನಮಗೆ ಇದು ತಮಾಷೆ ಅನ್ನಿಸಬಹುದು. ಬ್ಯಾಂಕು ಆಕೆಗೆ ಸೀರೆ ಉಡಿಸಲಿಲ್ಲ, ಹಿತ್ತಲಿಗೂ ಸಾಗಿಸಲಿಲ್ಲ.

ನನ್ನ ಲೆಕ್ಕದಲ್ಲಿ ಇದು ಒಳ್ಳೆಯ ಆಯ್ಕೆಯೇ. ತಿಳಿದವರನ್ನು ಕೇಳಿದರು, ಒಬ್ಬನಿಗಲ್ಲ ಒಂಬತ್ತು ಜನಕ್ಕೆ ಬರೆದರು, ಮಾದರಿ ನೋಡಿ ಕೆಲಸ ಕೊಟ್ಟರು, ಕೊಟ್ಟ ಮೇಲೆ ಕಾದರು. ಆದರೆ ಆ ಬೀದಿಯಲ್ಲಿ ದಿನಾ ಓಡಾಡುವ ಜನಕ್ಕೆ ಒಂದು ಮಾತು ಹೇಳಿ ಕೇಳಿ ಮಾಡುವ ಪದ್ಧತಿ ಮಾತ್ರ ಅಲ್ಲೂ ಇರಲಿಲ್ಲ. ಅವರ ಸರದಿ ಬಂದಿದ್ದು ರಾಜ್ಯಸಭೆಯ ಪ್ರಶ್ನೆಯಲ್ಲಿ, ಅದೂ ಎಲ್ಲ ಮುಗಿದ ಮೇಲೆ.

ನೂರಕ್ಕೆ ಒಂದು ರೂಪಾಯಿ

ದುಡ್ಡಿನ ವಿಷಯಕ್ಕೆ ಬರೋಣ. ಹಲವು ದೇಶಗಳಲ್ಲಿ ಇದಕ್ಕೊಂದು ಸುಲಭದ ಲೆಕ್ಕ ಇದೆ. ಸರ್ಕಾರಿ ಕಟ್ಟಡದ ಖರ್ಚಿನಲ್ಲಿ ನೂರಕ್ಕೆ ಇಷ್ಟು ಅಂತ ಕಲೆಗೆ ಎತ್ತಿಡುವುದು. ಸ್ವೀಡನ್ ದೇಶ 1937ರಲ್ಲೇ ನೂರಕ್ಕೆ ಒಂದು ಅಂದಿತು. ಫ್ರಾನ್ಸಿನವರು 1951ರಲ್ಲಿ ಶಾಲೆ-ಕಾಲೇಜು ಕಟ್ಟಡಗಳಿಗೆ ಅದೇ ನಿಯಮ ತಂದರು. ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲಿ ಶುರು ಮಾಡಿತು. ಅಮೆರಿಕದ ಕೇಂದ್ರ ಸರ್ಕಾರ ಸ್ವಲ್ಪ ಜಿಪುಣ, ನೂರಕ್ಕೆ ಅರ್ಧ. ಅಂದರೆ 10 ಕೋಟಿ ರೂಪಾಯಿ ಕಟ್ಟಡವಾದರೆ ಸ್ವೀಡನ್ ಲೆಕ್ಕದಲ್ಲಿ 10 ಲಕ್ಷ, ಅಮೆರಿಕದ ಲೆಕ್ಕದಲ್ಲಿ 5 ಲಕ್ಷ.

ಇದರ ಅನುಕೂಲ ಏನಪ್ಪಾ ಅಂದರೆ, ಮೂರ್ತಿಗೆ ಅಂತ ಯಾರ ಮುಂದೂ ಕೈ ಒಡ್ಡಬೇಕಿಲ್ಲ. ಅಂದಾಜು ಪಟ್ಟಿಯಲ್ಲೇ ಸಿಮೆಂಟು, ಕಬ್ಬಿಣ, ನಲ್ಲಿ, ವೈರಿಂಗು ಸಾಲಿನಲ್ಲಿ ಇದೂ ಒಂದು ಬಾಬ್ತು. ಇಲ್ಲದಿದ್ದರೆ ಏನಾಗುತ್ತದೆ? ಕಟ್ಟಡ ಮುಗಿದ ಮೇಲೆ ಉದ್ಘಾಟನೆಗೆ ಹದಿನೈದು ದಿನ ಇರುವಾಗ ಯಾರಿಗೋ ನೆನಪಾಗುತ್ತದೆ, ಸಿಕ್ಕವರ ಕೈಲಿ ಸಿಕ್ಕಷ್ಟರಲ್ಲಿ ಮಾಡಿಸುತ್ತಾರೆ.

ಇನ್ನು ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆಲ್ಲ 1999ರ ಪಾರದರ್ಶಕ ಕಾಯ್ದೆ ಇದೆ, ಟೆಂಡರ್ ಕರೆಯಬೇಕು. ಕಾಯ್ದೆಯ 4(ಜಿ) ಕಲಮಿನಲ್ಲಿ ಸರ್ಕಾರ ಬೇಕಾದ ಕೆಲಸಕ್ಕೆ ವಿನಾಯಿತಿ ಕೊಟ್ಟುಕೊಳ್ಳಲೂಬಹುದು. ಟೆಂಡರ್ ಒಳ್ಳೆಯದೇ. ಆದರೆ ವ್ಯಾಪಾರಸ್ಥರು ನೀವೇ ಹೇಳಿ. ಒಂದೇ ಕಂಪನಿಯ ಒಂದೇ ಗ್ರೇಡಿನ ಸಿಮೆಂಟಾದರೆ ಕಡಿಮೆ ರೇಟಿನವನಿಗೆ ಕೊಡಬಹುದು. ಮೂರ್ತಿಯನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ಕಡಿಮೆ ರೇಟಿನ ಶಿಲ್ಪಿ ಸಿಗುತ್ತಾನೆ. ಮೂಗು ಎಲ್ಲಿ ಬರುತ್ತೋ ಅದು ಅವನ ಇಷ್ಟ.

ಗಣಿ ಊರಿನ ಕತ್ತೆ

ರೇಟು ಬೇಡ, ಹೆಸರೂ ಬೇಡ, ಬರೀ ಕೆಲಸ ನೋಡಿ ಆರಿಸೋಣ ಎಂದು ಹೊರಟವರೂ ಉಂಟು. 1934ರಿಂದ 1943ರವರೆಗೆ ಅಮೆರಿಕದ ಖಜಾನೆ ಇಲಾಖೆ ತನ್ನ ಹೊಸ ಪೋಸ್ಟಾಫೀಸುಗಳ ಗೋಡೆಗೆ ಚಿತ್ರ ಬರೆಸಿತು. ಆರ್ಥಿಕ ಕುಸಿತದ ಕಾಲ, ಕಲಾವಿದರ ಮನೆಯಲ್ಲಿ ಒಲೆ ಉರಿಯದ ಕಾಲ. ಪದ್ಧತಿ ಏನೆಂದರೆ, ನಕ್ಷೆಯ ಮೇಲೆ ಹೆಸರು ಬರೆಯಕೂಡದು. ಹೆಸರಿನ ಚೀಟಿ ಬೇರೆ ಲಕೋಟೆಯಲ್ಲಿ, ಅರಗು ಹಾಕಿ. ಗೆದ್ದ ನಕ್ಷೆ ಯಾವುದು ಅಂತ ತೀರ್ಮಾನವಾದ ಮೇಲೆ ಲಕೋಟೆ ಒಡೆಯುವುದು. ಮಂತ್ರಿಯ ಭಾವಮೈದ, ಶಾಸಕರ ಕಡೆಯವನು ಎಂಬ ಬಾಬ್ತುಗಳಿಗೆ ಜಾಗವೇ ಇಲ್ಲ. ಈ ಉಪಾಯ ನಮ್ಮವರು ಕಲಿತರೆ ಎಷ್ಟೋ ಟೆಲಿಫೋನ್ ಖರ್ಚು ಉಳಿದೀತು.

1939ರಲ್ಲಿ 48 ರಾಜ್ಯಗಳಿಗೆ ಒಂದೊಂದು ಪೋಸ್ಟಾಫೀಸಿನಂತೆ ದೊಡ್ಡ ಸ್ಪರ್ಧೆ ನಡೆಯಿತು. ಐಡಾಹೋ ರಾಜ್ಯದ ಕೆಲ್ಲಾಗ್ ಎಂಬ ಗಣಿ ಊರಿಗೆ ಫ್ಲೆಚರ್ ಮಾರ್ಟಿನ್ ಎಂಬಾತನ ಚಿತ್ರ ಗೆದ್ದಿತು. ಗಣಿಯೊಳಗೆ ಏಟು ತಿಂದ ಒಬ್ಬ ಕೂಲಿಯನ್ನು ಜೊತೆಗಾರರು ಹೊತ್ತು ತರುತ್ತಿರುವ ಚಿತ್ರ. ಗಣಿ ಕಾರ್ಮಿಕರ ಸಂಘದವರು, ಇದು ನಮ್ಮ ಬದುಕು, ಇರಲಿ ಅಂದರು. ಗಣಿ ಧಣಿಗಳ ಕಡೆಯವರು ಕೆಂಡವಾದರು. ಟಪಾಲು ಕಟ್ಟೆಯಲ್ಲಿ ದಿನಬೆಳಗಾದರೆ ಇದನ್ನು ನೋಡಬೇಕೇ, ಊರಿನ ಮರ್ಯಾದೆ ಏನಾಗಬೇಕು ಅಂತ. ಕೊನೆಗೆ ಗೆದ್ದವರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಆ ಚಿತ್ರ ಗೋಡೆ ಏರಲಿಲ್ಲ. 1941ರಲ್ಲಿ ಅದೇ ಕಲಾವಿದ ಬೇರೆ ಚಿತ್ರ ಬರೆದುಕೊಟ್ಟ. ಊರಿನ ಮೊದಲ ಅದಿರು ಪತ್ತೆಯಾದ ಕಥೆ, ಅದರಲ್ಲೊಂದು ಕತ್ತೆ. ಕತ್ತೆಯ ಬಗ್ಗೆ ಯಾವ ಧಣಿಯೂ ತಕರಾರು ಎತ್ತಲಿಲ್ಲ.

ಲಕೋಟೆಗೆ ಅರಗು ಹಾಕಿದ್ದೇನೋ ಸರಿ. ಊರವರನ್ನು ಕೇಳುವಾಗ ಯಾವ ಊರವರನ್ನು ಕೇಳಿದರು ಎಂಬಲ್ಲಿ ಅರಗು ಬಿಟ್ಟುಕೊಂಡಿತು.

ದಾರಿಗೆ ಅಡ್ಡ 120 ಅಡಿ

ಸ್ವಲ್ಪವೂ ಕೇಳದೇ ಇದ್ದರೆ? ಅದಕ್ಕೂ ಅದೇ ದೇಶದಲ್ಲಿ ಉದಾಹರಣೆ ಇದೆ. ನ್ಯೂಯಾರ್ಕಿನಲ್ಲಿ ಕೇಂದ್ರ ಸರ್ಕಾರದ ಕಛೇರಿಗಳ ಮುಂದೆ ಒಂದು ಬಯಲು. ಸಾವಿರಾರು ಗುಮಾಸ್ತರು ಬೆಳಿಗ್ಗೆ ಅದನ್ನು ದಾಟಿ ಕೆಲಸಕ್ಕೆ ಹೋಗುತ್ತಾರೆ, ಮಧ್ಯಾಹ್ನ ಅಲ್ಲೇ ಕೂತು ಡಬ್ಬಿ ಬಿಚ್ಚುತ್ತಾರೆ. ಸರ್ಕಾರದ ಕಟ್ಟಡ ಇಲಾಖೆ (ಅಲ್ಲಿಯ ಪಿ.ಡಬ್ಲ್ಯು.ಡಿ. ಅನ್ನಿ) ಪರಿಣತರ ಸಲಹೆ ಪಡೆದು 1979ರಲ್ಲಿ ರಿಚರ್ಡ್ ಸೆರ್ರಾ ಎಂಬ ಹೆಸರಾಂತ ಶಿಲ್ಪಿಗೆ ಕೆಲಸ ಕೊಟ್ಟಿತು. 1,75,000 ಡಾಲರು. 1981ರಲ್ಲಿ ಒಂದು ದಿನ ಗುಮಾಸ್ತರು ನೋಡುತ್ತಾರೆ, ಬಯಲಿನ ನಟ್ಟನಡುವೆ ಗೋಡೆ! 120 ಅಡಿ ಉದ್ದ, 12 ಅಡಿ ಎತ್ತರ, ಒಂದು ಕಡೆಗೆ ವಾಲಿಕೊಂಡ, ಬೇಕೆಂತಲೇ ತುಕ್ಕು ಹಿಡಿಸಿದ ಉಕ್ಕಿನ ಗೋಡೆ. ಅದರ ಹೆಸರೇ ವಾಲಿದ ಬಿಲ್ಲು.

ನೇರ ಹೋಗುತ್ತಿದ್ದವರು ಸುತ್ತಿ ಹೋಗಬೇಕಾಯಿತು. ಜನ ತಾವು ನಡೆಯೋ ದಾರಿಯನ್ನು ಹೊಸದಾಗಿ ಗಮನಿಸಲಿ ಎಂಬುದೇ ಶಿಲ್ಪಿಯ ಉದ್ದೇಶ. ಗಮನಿಸಿದರು ಸ್ವಾಮಿ, ಚೆನ್ನಾಗಿಯೇ ಗಮನಿಸಿದರು. ಸುಮಾರು 1300 ಮಂದಿ ಕಿತ್ತುಹಾಕಿ ಅಂತ ಸಹಿ ಹಾಕಿದರು. ಒಬ್ಬರು ನ್ಯಾಯಾಧೀಶರೇ ಮುಂದೆ ನಿಂತು ಪತ್ರ ಬರೆದರು. ಇಲಿ ಸೇರಿಕೊಂಡಿದೆ ಎಂದರು, ಬಾಂಬಿಟ್ಟರೆ ಈ ಗೋಡೆಯಿಂದ ಸ್ಫೋಟ ಕಟ್ಟಡದ ಕಡೆಗೇ ತಿರುಗುತ್ತದೆ ಎಂದರು.

1985ರ ಮಾರ್ಚಿನಲ್ಲಿ ಮೂರು ದಿನ ಬಹಿರಂಗ ವಿಚಾರಣೆ. ಮಾತಾಡಿದವರು 180 ಜನ. ಇರಲಿ ಎಂದವರು 122, ತೆಗೀರಿ ಎಂದವರು 58. ಆದರೂ ವಿಚಾರಣೆ ನಡೆಸಿದ ಐದು ಜನರ ಮಂಡಳಿ ನಾಲ್ಕಕ್ಕೆ ಒಂದರಂತೆ ತೆಗೀರಿ ಅಂತಲೇ ಶಿಫಾರಸು ಮಾಡಿತು! ಇರಲಿ ಎಂದವರಲ್ಲಿ ಬಹಳ ಮಂದಿ ಕಲಾವಿದರು, ಕಲೆ ಬಲ್ಲವರು ಎಂಬುದೂ ನಿಜ. ದಿನಾ ಸುತ್ತಿ ನಡೆಯುವವರ ಸಂಕಟ ಅವರಿಗಿಲ್ಲ. ಮಂಡಳಿಗೆ ಅಧ್ಯಕ್ಷರಾಗಿ ಕೂತ ಅಧಿಕಾರಿ ಮೊದಲೇ ತೆಗೆಯುವ ಪರವಾಗಿದ್ದರು ಎಂಬುದೂ ನಿಜ. ಶಿಲ್ಪಿ ಕೋರ್ಟಿಗೆ ಹೋಗಿ ಸೋತ. ಇದನ್ನು ಈ ಜಾಗಕ್ಕೆಂದೇ ಮಾಡಿದ್ದು, ಇಲ್ಲಿಂದ ಕಿತ್ತರೆ ಕೊಂದಂತೆ ಎಂದು ಕೊನೆಯತನಕ ಹೇಳಿದ. 1989ರ ಮಾರ್ಚ್ 15ರ ರಾತ್ರಿ ಗೋಡೆಯನ್ನು ಕತ್ತರಿಸಿ ಗೋದಾಮಿಗೆ ಸಾಗಿಸಿದರು.

ಆರಿಸುವ ಮೊದಲು ಅದೇ ಕಟ್ಟಡದ ನಾಲ್ಕು ಗುಮಾಸ್ತರನ್ನೂ, ಎದುರಿನ ಅಂಗಡಿಯವನನ್ನೂ ಕರೆದು ಒಂದು ಮಾದರಿ ತೋರಿಸಿದ್ದರೆ ಎಂಟು ವರ್ಷದ ಜಗಳ ತಪ್ಪುತ್ತಿತ್ತೋ ಏನೋ. ಪೆಟ್ಟು ತಿಂದ ಮೇಲೆ ಅಲ್ಲಿಯ ಇಲಾಖೆ ಆಯ್ಕೆ ಮಂಡಳಿಗೆ ಸ್ಥಳೀಯರನ್ನೂ ಸೇರಿಸಿಕೊಳ್ಳಲು ಶುರು ಮಾಡಿತು.

ಮಾರಿದ ಮಾಲು ವಾಪಸ್

ಗೋದಾಮಿನ ಮಾತು ಬಂತಲ್ಲ, ನಮ್ಮ ದಿಲ್ಲಿಗೇ ವಾಪಸ್ ಬನ್ನಿ. ನ್ಯೂಯಾರ್ಕಿನಲ್ಲಿ ವಿಚಾರಣೆಯನ್ನಾದರೂ ನಡೆಸಿ ಕಿತ್ತರು. ನಮ್ಮಲ್ಲಿ ಅದೂ ಇಲ್ಲ.

ದೊಡ್ಡ ಸಮ್ಮೇಳನಗಳು ನಡೆಯುವ ವಿಜ್ಞಾನ ಭವನಕ್ಕೆಂದು 1957ರಲ್ಲಿ ಸರ್ಕಾರ ಅಮರನಾಥ ಸೆಹಗಲ್ ಎಂಬ ಶಿಲ್ಪಿಗೆ ಕೆಲಸ ಒಪ್ಪಿಸಿತು. ಕಂಚಿನ ಭಿತ್ತಿಶಿಲ್ಪ. 140 ಅಡಿ ಉದ್ದ, 40 ಅಡಿ ಎತ್ತರ. ನಮ್ಮೂರ ಅಂಗಡಿ ಬೀದಿಯಲ್ಲಿ 10 ಅಡಿ ಅಗಲದ ಮಳಿಗೆಗಳು ಹದಿನಾಲ್ಕನ್ನು ಸಾಲಾಗಿ ಜೋಡಿಸಿ, ಮೂರು ಮಹಡಿ ಎತ್ತರ ಎಣಿಸಿಕೊಳ್ಳಿ, ಅಷ್ಟು ದೊಡ್ಡದು. ಹಳ್ಳಿಯ ಬದುಕು, ಹೊಸ ಭಾರತದ ಬದುಕು ಎರಡೂ ಅದರಲ್ಲಿ ಇದ್ದವು. ಐದು ವರ್ಷ ದುಡಿದು 1962ರಲ್ಲಿ ಮುಗಿಸಿದರು. ದೇಶವಿದೇಶದ ಗಣ್ಯರೆಲ್ಲ ಅದರ ಮುಂದೆ ಹಾದುಹೋದರು.

1979ರಲ್ಲಿ ಭವನಕ್ಕೆ ರಿಪೇರಿ ಬಂತು. ಶಿಲ್ಪಿಗೆ ಒಂದು ಕಾರ್ಡೂ ಹಾಕದೆ ಅಷ್ಟನ್ನೂ ಕಿತ್ತು ಉಗ್ರಾಣಕ್ಕೆ ತುಂಬಿದರು. ಹಳೇ ಕುರ್ಚಿ, ಮುರಿದ ಫ್ಯಾನು ಎಸೆಯುವ ಹಾಗೆ. ಕೀಳುವಾಗ ಮುರಿದದ್ದೆಷ್ಟೋ, ಕಳೆದುಹೋದದ್ದೆಷ್ಟೋ. ಸೆಹಗಲ್ ಅರ್ಜಿ ಬರೆದರು, ಅಧಿಕಾರಿಗಳ ಬಾಗಿಲು ತಟ್ಟಿದರು. ಸರ್ಕಾರಿ ಕಛೇರಿಗೆ ಅಲೆದವರಿಗೆ ಆ ಕಥೆ ವಿವರಿಸಬೇಕಿಲ್ಲ. ಕೊನೆಗೆ 1992ರಲ್ಲಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು.

ಸರ್ಕಾರದ ವಾದ ಸರಳ. ದುಡ್ಡು ಕೊಟ್ಟಿದ್ದೇವೆ, ಮಾಲು ನಮ್ಮದು, ಇಟ್ಟುಕೊಳ್ಳುತ್ತೇವೆ ಇಲ್ಲ ಬಿಸಾಡುತ್ತೇವೆ. ಅಂಗಡಿ ನ್ಯಾಯದಲ್ಲಿ ಇದು ಸರಿಯಾಗಿಯೇ ಕಾಣುತ್ತದೆ. ಬಟ್ಟೆ ಕೊಂಡವನು ಅದನ್ನು ಉಡಲಿ, ಒರೆಸೋ ಬಟ್ಟೆ ಮಾಡಲಿ, ಅಂಗಡಿಯವನು ಕೇಳುವ ಹಾಗಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಬೇರೆ ಮಾತು ಹೇಳುತ್ತದೆ. ಕೃತಿಯ ಹಕ್ಕು ಕೈಬದಲಾದರೂ ಅದನ್ನು ಹಾಳುಗೆಡವಿ ತನ್ನ ಹೆಸರಿಗೆ ಮಸಿ ಬಳಿಯುವುದನ್ನು ತಡೆಯುವ ಹಕ್ಕು ಮಾಡಿದವನಲ್ಲೇ ಉಳಿಯುತ್ತದೆ. 2005ರ ಫೆಬ್ರವರಿ 21ರಂದು ನ್ಯಾಯಮೂರ್ತಿ ಪ್ರದೀಪ್ ನಂದ್ರಜೋಗ್ ತೀರ್ಪು ಕೊಟ್ಟರು. ಉಳಿದ ಚೂರುಗಳನ್ನು ಶಿಲ್ಪಿಗೆ ಹಿಂತಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ. ಅವರು ಕೇಳಿದ್ದು 50 ಲಕ್ಷ. ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ ಎಂಬ ಬೋರ್ಡನ್ನು ನಾವೆಲ್ಲ ನೋಡಿದ್ದೇವೆ. ಮಾರಿದವನಿಗೇ ಮಾಲು ವಾಪಸ್ ಕೊಡಿಸಿದ ತೀರ್ಪು ಇದು.

ಕಿತ್ತಾಗ ಸೆಹಗಲ್‌ಗೆ 57 ವರ್ಷ. ತೀರ್ಪು ಬಂದಾಗ 83. 2007ರಲ್ಲಿ ತೀರಿಕೊಂಡರು. ಆರಿಸುವಾಗ ಸಮಿತಿ ಇತ್ತು, ದುಡ್ಡು ಕೊಡುವಾಗ ರಸೀತಿ ಇತ್ತು, ಆದರೆ ಆಮೇಲೆ ನೋಡಿಕೊಳ್ಳುವ ಹೊಣೆ ಯಾವ ಟೇಬಲ್ಲಿನದು ಅಂತ ಬರೆದಿಡಲಿಲ್ಲ. ಹಾಳಾಗಿದ್ದು ಅಲ್ಲೇ.

ನಮ್ಮ ಮನೆಯ ಲೆಕ್ಕ

ಬೆಂಗಳೂರಿನ ವಿಧಾನಸೌಧದ ಕಥೆ ಬೇರೆ ರೀತಿಯದು. ಅಲ್ಲಿ ಗೊಂಬೆ ತಂದು ಕಟ್ಟಡದ ಮುಂದೆ ಇಡಲಿಲ್ಲ, ಕಟ್ಟಡವನ್ನೇ ಕೆತ್ತಿಸಿದರು. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟರು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದ ಮೇಲೆ ಹಳೇ ನಕ್ಷೆ ಬದಲಾಯಿಸಿ, ನಮ್ಮ ದೇವಸ್ಥಾನಗಳ ಕಂಬ, ಬೋದಿಗೆ, ಗೋಪುರ ಎಲ್ಲ ತರಿಸಿದರು. ಸಾವಿರಾರು ಕೂಲಿಗಳ ಜೊತೆ ಸುಮಾರು 1500 ಮಂದಿ ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ದುಡಿದರು. ಸಂಪುಟ ಸಭೆಯ ಕೊಠಡಿಗೆ ಗಂಧದ ಮರದ ಕೆತ್ತನೆ ಬಾಗಿಲು. ಒಟ್ಟು ಖರ್ಚು ಸುಮಾರು ಒಂದೂಮುಕ್ಕಾಲು ಕೋಟಿ. ದುಂದುವೆಚ್ಚ ಅಂತ ಕೂಗೆದ್ದಿತು, ವಿಚಾರಣಾ ಸಮಿತಿ ಕೂತಿತು, 1956ರಲ್ಲಿ ಹನುಮಂತಯ್ಯನವರು ಕುರ್ಚಿ ಬಿಟ್ಟರು. ಇಂದು ಬೆಂಗಳೂರಿಗೆ ಹೋದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ವಾಪಸ್ ಬರುವುದಿಲ್ಲ.

ಹಾಗಂತ ಒಬ್ಬ ಮುಖ್ಯಮಂತ್ರಿಯ ಅಭಿರುಚಿಯನ್ನೇ ನಂಬಿಕೊಂಡು ಕೂರುವುದಕ್ಕೆ ಆಗುತ್ತದೆಯೇ? ಹನುಮಂತಯ್ಯನವರಿಗೆ ಕಣ್ಣಿತ್ತು. ಎಲ್ಲರಿಗೂ ಇರುತ್ತದೆ ಎಂಬ ಗ್ಯಾರಂಟಿ ಏನು?

ನಮ್ಮೂರಿನ ಮುಂದಿನ ಕಟ್ಟಡದ ಗೊಂಬೆಯ ಬಗ್ಗೆ ತಿಳಿಯಬೇಕೆಂದವರು ಪರದೆ ಎಳೆಯುವತನಕ ಕಾಯಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಫೀಸು 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಇಷ್ಟು ಕೇಳಿದರೆ ಸಾಕು: ಅಂದಾಜು ಪಟ್ಟಿಯಲ್ಲಿ ಮೂರ್ತಿಗೆ ಅಥವಾ ಚಿತ್ರಕ್ಕೆ ಎಷ್ಟು ಇಟ್ಟಿದ್ದೀರಿ, ಎಷ್ಟು ಜನ ಕಲಾವಿದರಿಗೆ ಬರೆದಿರಿ, ಆರಿಸಿದ ಸಮಿತಿಯಲ್ಲಿ ಯಾರು ಯಾರು ಇದ್ದಾರೆ, ನಿಲ್ಲಿಸಿದ ಮೇಲೆ ನೋಡಿಕೊಳ್ಳುವ ಹೊಣೆ ಯಾವ ಇಲಾಖೆಯದು. ನಾನು ಎಣಿಸಿ ನೋಡಿದೆ, 150 ಪದದೊಳಗೆ ಆರಾಮಾಗಿ ಹಿಡಿಸುತ್ತದೆ. ಉತ್ತರಕ್ಕೆ ಅವರಿಗೆ 30 ದಿನ ಗಡುವು.